ಬದುವಿನ ಮರ ಸವರುವ ಮುಂಚೆ ಹದಿನೈದು ನಿಮಿಷ ಕಿವಿಗೊಡಿ

ಮಾರ್ಚ್ ಬಂತು ಅಂದ್ರೆ ನಮ್ಮ ಮಾಗಡಿ ಕಡೆ ಎರಡು ಕೆಲಸ ಜೋರು. ಒಂದು, ಮಾವಿಗೆ ಔಷಧಿ ಹೊಡೆಯೋದು. ಇನ್ನೊಂದು, ಬದುವಿನ ಮೇಲಿನ ಹೊಂಗೆ, ಬೇವು, ಜಾಲಿ ಸವರೋದು. ರಾಗಿ ಒಕ್ಕಣೆ ಮುಗಿದು ಕೈ ಖಾಲಿ ಇರುವ ಕಾಲ. ಸೌದೆಯೂ ಆಯ್ತು, ಹೊಲಕ್ಕೆ ಬೆಳಕೂ ಬಿತ್ತು ಅನ್ನೋ ಲೆಕ್ಕ. ಈ ಎರಡಕ್ಕೂ ಕೈ ಹಾಕುವ ಮೊದಲು ಒಂದು ಸಣ್ಣ ಹಕ್ಕಿಯ ವಿಚಾರ ತಿಳಿದಿರಲಿ ಅಂತ ಈ ವಾರದ ಲೇಖನ. ಹಕ್ಕಿಯ ತೂಕ ಸುಮಾರು 8 ಗ್ರಾಂ. ನಿಮ್ಮ ಜೇಬಿನಲ್ಲಿರುವ ಹತ್ತು ರೂಪಾಯಿ ನಾಣ್ಯವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ, ಹೆಚ್ಚುಕಮ್ಮಿ ಅಷ್ಟೇ.

ಹೆಸರು ಎಲೆ ಉಲಿಯಕ್ಕಿ. ಇಂಗ್ಲಿಷಿನಲ್ಲಿ ಗ್ರೀನಿಷ್ ವಾರ್ಬ್ಲರ್ ಅಂತಾರೆ. ನೀವು ನೋಡಿಲ್ಲದೇ ಇರಬಹುದು, ಕೂಗು ಕೇಳಿರೋದಂತೂ ಗ್ಯಾರಂಟಿ. ಮರದ ಎಲೆಗಳ ಒಳಗಿಂದ ‘ಚಿ-ಸ್ವೀ... ಚಿ-ಸ್ವೀ...’ ಅಂತ ಎರಡೇ ಅಕ್ಷರ, ಚಳಿಗಾಲ ಪೂರ್ತಿ.

ರಾಜಾಜಿನಗರದಿಂದ ಸಾವನದುರ್ಗಕ್ಕೆ

ನಾನು ವಾರಕ್ಕೊಂದು ದಿನ ರಾಜಾಜಿನಗರದ ಮನೆಗಳಿಗೆ ತರಕಾರಿ ಕೊಡ್ತೀನಿ. ಅಲ್ಲಿನ ನನ್ನ ಗ್ರಾಹಕರಲ್ಲೇ ಹಕ್ಕಿ ನೋಡುವವರ ಒಂದು ಸಣ್ಣ ಗುಂಪಿದೆ. ನಿವೃತ್ತರು, ಐಟಿಯವರು, ಕಾಲೇಜು ಮಕ್ಕಳು ಎಲ್ಲಾ ಸೇರಿ ಹನ್ನೆರಡು ಹದಿಮೂರು ಜನ. ಬೆಂಗಳೂರಿಗೆ ಈ ಹವ್ಯಾಸ ಹೊಸದಲ್ಲ. 1970ರ ದಶಕದಲ್ಲಿ ಜೋಸೆಫ್ ಜಾರ್ಜ್ ಅವರ ಮುಂದಾಳತ್ವದಲ್ಲಿ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಶುರುವಾಯಿತು. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಸೇರಿ ಹಕ್ಕಿ ನೋಡುವ ಪದ್ಧತಿ ಬೆಳೆಸಿದ್ದು ಅವರೇ. ನಮ್ಮ ಗುಂಪಿನ ಹಿರಿಯರು ಅಂಥ ನಡಿಗೆಗಳಲ್ಲೇ ಕಲಿತವರು.

ಈ ಸಲ ಅವರ ಮಾರ್ಚ್ ಪ್ರವಾಸಕ್ಕೆ ನನ್ನನ್ನೂ ಕರೆದರು. ಶನಿವಾರ ಸಾವನದುರ್ಗದ ಕಾಡಂಚು, ರಾತ್ರಿ ನಮ್ಮ ತೋಟದ ಮನೆಯಲ್ಲಿ ವಾಸ್ತವ್ಯ, ಭಾನುವಾರ ಬೆಳಿಗ್ಗೆ ತೋಟದಲ್ಲಿ ಸುತ್ತಾಟ. ಉದ್ದೇಶ ಒಂದೇ: ಉಲಿಯಕ್ಕಿಗಳು ಊರಿಗೆ ಹೊರಡುವ ಮೊದಲು ಅವನ್ನು ಸರಿಯಾಗಿ ನೋಡೋದು.

ಬೆಳಗಿನ ಜಾವ ಐದಕ್ಕೆ ನವರಂಗ್ ಸರ್ಕಲ್‌ನಲ್ಲಿ ಗಾಡಿ ಹತ್ತಿದೆವು. ಮಾಗಡಿ ರೋಡ್ ಹಿಡಿದು ಸುಂಕದಕಟ್ಟೆ, ತಾವರೆಕೆರೆ ದಾಟುವಾಗ ಇನ್ನೂ ಕತ್ತಲು. 1,226 ಮೀಟರ್ ಎತ್ತರದ ಸಾವನದುರ್ಗದ ಬಂಡೆ ಕಾಣುವ ಹೊತ್ತಿಗೆ ಬೆಳಕಾಗಿತ್ತು. ಬೆಟ್ಟದ ಬುಡದಲ್ಲಿ ಎಲೆ ಉದುರಿಸುವ ಒಣ ಕಾಡು, ಕುರುಚಲು, ಅಲ್ಲಲ್ಲಿ ಕೆಂಪಗೆ ಹೂಬಿಟ್ಟ ಮುತ್ತುಗ. ಕಾಡಿನ ಒಳಗೆ ನುಗ್ಗದೆ ರಸ್ತೆ ಬದಿಯಲ್ಲೇ ನಡೆದೆವು.

ಉಲಿಯಕ್ಕಿ ನೋಡೋದು ನವಿಲು ನೋಡಿದ ಹಾಗಲ್ಲ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಹಸಿರು-ಬೂದು ಹಕ್ಕಿ, ಒಂದು ಕಡೆ ಎರಡು ಸೆಕೆಂಡ್ ಕೂರೋದಿಲ್ಲ. ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಇನ್ನೊಂದು ಕೊಂಬೆ. ಗುಂಪಿನ ಹಿರಿಯರೊಬ್ಬರು ಹೇಳಿದ ಉಪಾಯ ಸರಳ: ‘ಮೊದಲು ಕಿವಿ ಬಿಡಿ, ಆಮೇಲೆ ಕಣ್ಣು. ಕೂಗು ಬಂದ ಕೊಂಬೆಯಲ್ಲಿ ಗಾಳಿ ಇಲ್ಲದೆ ಅಲುಗಾಡುವ ಎಲೆ ಹುಡುಕಿ.’

ಹಾಗೆ ಹುಡುಕಿದಾಗ ಸಿಕ್ಕಿತು. ಕಣ್ಣಿನ ಮೇಲೆ ಬಿಳಿ ಹುಬ್ಬಿನಂಥ ಗೆರೆ, ರೆಕ್ಕೆ ಮೇಲೆ ತೆಳುವಾದ ಒಂದು ಪಟ್ಟಿ. ಎಲೆಯ ಮೇಲ್ಭಾಗ ನೋಡುತ್ತೆ, ಬಗ್ಗಿ ತಳಭಾಗ ನೋಡುತ್ತೆ, ಏನೋ ಕಚ್ಚಿಕೊಳ್ಳುತ್ತೆ, ಮುಂದಿನ ಎಲೆ. ವಿಜ್ಞಾನಿಗಳು ಈ ಕುಲಕ್ಕೆ ಇಟ್ಟ ಹೆಸರು ಫಿಲ್ಲೋಸ್ಕೋಪಸ್. ಗ್ರೀಕ್ ಭಾಷೆಯಲ್ಲಿ ‘ಎಲೆ ನೋಡುವವನು’ ಅಂತ ಅರ್ಥ. ತೋಟಗಾರಿಕೆ ಓದುವಾಗ ನಮಗೂ ಅದನ್ನೇ ಹೇಳಿಕೊಡುತ್ತಿದ್ದರು: ಎಲೆ ತಿರುಗಿಸಿ ತಳಭಾಗ ನೋಡಿ, ರಸ ಹೀರುವ ಹುಳ ಇರೋದು ಅಲ್ಲೇ.

ಯಾರಿದು, ಎಲ್ಲಿಂದ ಬಂದಿದ್ದು?

ಈ ಹಕ್ಕಿ ಗೂಡು ಕಟ್ಟೋದು ಹಿಮಾಲಯ, ಮಧ್ಯ ಏಷ್ಯಾ, ರಷ್ಯಾದ ಕಾಡುಗಳಲ್ಲಿ. ಸೆಪ್ಟೆಂಬರ್ ಹೊತ್ತಿಗೆ ದಕ್ಷಿಣ ಭಾರತಕ್ಕೆ ಬರುತ್ತೆ, ಏಪ್ರಿಲ್ ಕೊನೆಗೆ ವಾಪಸ್ ಹೊರಡುತ್ತೆ. ಲೆಕ್ಕ ಹಾಕಿ, ವರ್ಷದ ಏಳೆಂಟು ತಿಂಗಳು ನಮ್ಮಲ್ಲೇ. ಹುಟ್ಟಿದ ಊರಿಗಿಂತ ಹೆಚ್ಚು ದಿನ ನಮ್ಮ ಹೊಂಗೆ ಮರದಲ್ಲಿ ಬದುಕುವ ಹಕ್ಕಿಯನ್ನು ಅತಿಥಿ ಅನ್ನೋದೇ ಕಷ್ಟ.

ಇನ್ನೂ ಒಂದು ಸಂಗತಿ ಇದೆ. ಟ್ರೆವರ್ ಪ್ರೈಸ್ ಅನ್ನುವ ವಿಜ್ಞಾನಿ ಪೂರ್ವಘಟ್ಟದಲ್ಲಿ ಈ ಹಕ್ಕಿಯ ಚಳಿಗಾಲದ ಬದುಕನ್ನು ಅಧ್ಯಯನ ಮಾಡಿ 1981ರಲ್ಲಿ ಪ್ರಕಟಿಸಿದರು. ಒಂದೊಂದು ಹಕ್ಕಿಯೂ ತನ್ನದೇ ಒಂದು ಜಾಗ ಹಿಡಿದುಕೊಂಡು ಕಾಯುತ್ತೆ. ನಾವು ಕೇಳುವ ಆ ‘ಚಿ-ಸ್ವೀ’ ಬರೀ ಹಾಡಲ್ಲ, ‘ಈ ಮರ ನಂದು, ಆಚೆ ಹೋಗು’ ಅನ್ನೋ ಬೇಲಿ. ಅಂದರೆ ನಿಮ್ಮ ಬದುವಿನ ನಾಲ್ಕು ಹೊಂಗೆಯಲ್ಲಿ ನವೆಂಬರ್‌ನಲ್ಲಿ ಕೇಳಿದ ಕೂಗು, ಮಾರ್ಚ್‌ನಲ್ಲಿ ಕೇಳುವ ಕೂಗು, ಎರಡೂ ಬಹುಶಃ ಒಂದೇ ಹಕ್ಕಿಯದು.

ಇದು ರೈತನಿಗೆ ಯಾಕೆ ಮುಖ್ಯ ಅಂದ್ರೆ, ಮಾರ್ಚ್‌ನಲ್ಲಿ ಆ ನಾಲ್ಕು ಮರವನ್ನೂ ಒಟ್ಟಿಗೆ ಬೋಳಿಸಿದರೆ ಹಕ್ಕಿ ಪಕ್ಕದ ಮರಕ್ಕೆ ಆರಾಮಾಗಿ ಹೋಗಿ ಸೇರಿಕೊಳ್ಳೋದಿಲ್ಲ. ಪಕ್ಕದ ಮರಕ್ಕೆ ಆಗಲೇ ಬೇರೊಂದು ಯಜಮಾನ ಇದೆ. ಅದೂ ಎಂಥ ಹೊತ್ತಿನಲ್ಲಿ? ಸಾವಿರಾರು ಕಿಲೋಮೀಟರ್ ಹಾರೋಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕಾದ ಹೊತ್ತಿನಲ್ಲಿ.

ಭಾನುವಾರ ಬೆಳಿಗ್ಗೆ, ಎರಡು ತೋಟ

ಮಾರನೇ ದಿನ ಆರು ಗಂಟೆಗೆ ನಮ್ಮ ತೋಟ ಸುತ್ತಿದೆವು. ನಮ್ಮದು ನಾಲ್ಕೂವರೆ ಎಕರೆ. ಸ್ವಲ್ಪ ತರಕಾರಿ, ಸ್ವಲ್ಪ ರಾಗಿ-ಅವರೆ, ಉಳಿದದ್ದು ಮಾವು, ಸೀಬೆ, ನುಗ್ಗೆ. ಸುತ್ತ ಗ್ಲಿರಿಸಿಡಿಯಾ ಬೇಲಿ, ಪೂರ್ವದ ಬದುವಿಗೆ ಹೊಂಗೆ ಸಾಲು. ಯುಗಾದಿ ಹತ್ತಿರ ಬಂದಿದ್ದರಿಂದ ಹೊಂಗೆ ಹಳೇ ಎಲೆ ಉದುರಿಸಿ ಎಳೇ ಚಿಗುರು ತೊಟ್ಟಿತ್ತು. ಎಳೇ ಚಿಗುರು ಇದ್ದಲ್ಲಿ ರಸ ಹೀರುವ ಸಣ್ಣ ಹುಳ, ಆ ಹುಳ ಇದ್ದಲ್ಲಿ ಉಲಿಯಕ್ಕಿ. ಸಾಲಿನ ಉದ್ದಕ್ಕೂ ಆರು ಕಡೆ ‘ಚಿ-ಸ್ವೀ’ ಕೇಳಿಸಿತು. ಬೇಲಿಯ ಬುಡದ ಪೊದೆಯಲ್ಲಿ ‘ಚಕ್... ಚಕ್’ ಅಂತ ಇನ್ನೊಂದು ವಲಸೆ ಹಕ್ಕಿ, ಕಂದು ಬಣ್ಣದ ಬ್ಲಿತ್ಸ್ ರೀಡ್ ವಾರ್ಬ್ಲರ್. ಸೀಬೆ ಗಿಡಗಳಲ್ಲಿ ನಮ್ಮೂರಿನವೇ ಆದ ಸಿಂಪಿಗ, ಬೆಳ್ಗಣ್ಣ, ಚೇಕಡಿ.

ಬದು ದಾಟಿ ಪಕ್ಕದ ಮಾವಿನ ತೋಪಿಗೆ ಹೋದೆವು. ಎರಡು ದಿನದ ಹಿಂದೆ ಔಷಧಿ ಬಿದ್ದಿತ್ತು, ವಾಸನೆ ಇನ್ನೂ ಇತ್ತು. ನೆಲ ಉತ್ತು ಸ್ವಚ್ಛವಾಗಿತ್ತು, ಬೇಲಿ ಜಾಗದಲ್ಲಿ ಕಲ್ಲುಕಂಬ, ಮುಳ್ಳುತಂತಿ. ಹತ್ತು ನಿಮಿಷ ನಿಂತರೂ ಉಲಿಯಕ್ಕಿ ಕೂಗು ಒಂದೂ ಬರಲಿಲ್ಲ. ಒಂದು ಬೆಳಗಿನ ಎಣಿಕೆ ಸಂಶೋಧನೆ ಆಗೋದಿಲ್ಲ, ನಿಜ. ಆದರೆ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ.

ಅಷ್ಟರಲ್ಲಿ ತೋಪಿನ ಮಾಲೀಕರು ಬಂದರು. ಐವತ್ತೈದರ ಆಸುಪಾಸು, ನಾನು ಅಣ್ಣಾ ಅಂತಲೇ ಕರೆಯೋದು. ವಿಷಯ ಕೇಳಿ ನಕ್ಕರು.

‘ಏನ್ ಸಾರ್, ಬೆಂಗಳೂರಿಂದ ಈ ಚಿಲ್ಟು ಹಕ್ಕಿ ನೋಡಕ್ ಬಂದ್ರಾ? ಕಾಯಿ ಕಚ್ಚಿ ಹಾಳು ಮಾಡೋ ಗಿಣಿ ಓಡ್ಸೋದು ಹೇಳ್ಕೊಡಿ, ಪುಣ್ಯ ಬರ್ತದೆ.’

ಅವರ ಮಾತಲ್ಲಿ ತಪ್ಪಿಲ್ಲ. ಗಿಣಿಯಿಂದ ಆಗುವ ನಷ್ಟ ನಿಜವಾದ ನಷ್ಟ. ಗಿಣಿ ಮಾಡಿದ್ದಕ್ಕೆ ಉಲಿಯಕ್ಕಿಗೂ ಕೆಟ್ಟ ಹೆಸರು ಬರೋದು ಮಾತ್ರ ಅನ್ಯಾಯ. ಇದು ಕಾಯಿ ಮುಟ್ಟುವ ಹಕ್ಕಿ ಅಲ್ಲ. ‘ಔಷಧಿ ಯಾಕಣ್ಣಾ ಇಷ್ಟು ಸಲ?’ ಅಂದೆ. ‘ನಾನೆಲ್ಲಿ ಹೊಡೆದೆ? ಫಸಲು ಗುತ್ತಿಗೆ ಕೊಟ್ಟಿದೀನಿ ಕಣಪ್ಪ. ಮರ ನಂದು, ಕಾಯಿ ಅವರ್ದು. ಯಾವಾಗ ಹೊಡೀತಾರೆ, ಏನು ಹೊಡೀತಾರೆ ನನಗೇ ಗೊತ್ತಿಲ್ಲ.’

ರಾಮನಗರ, ಮಾಗಡಿ, ಕನಕಪುರ ಸುತ್ತ ಎಷ್ಟೋ ತೋಪುಗಳ ಕಥೆ ಇದೇ. ಗುತ್ತಿಗೆದಾರನಿಗೆ ಒಂದು ಸೀಸನ್‌ನ ಲಾಭ ಬೇಕು. ಮಣ್ಣು, ನೀರು, ಜೇನು, ಹಕ್ಕಿ ಎಲ್ಲ ಉಳಿದುಕೊಳ್ಳೋದು ಮಾಲೀಕನ ಪಾಲಿಗೆ.

ಹಕ್ಕಿ ಎಷ್ಟು ಹುಳ ತಿಂದೀತು?

ಉಲಿಯಕ್ಕಿ ಇದ್ದರೆ ಮಾವಿನ ಜಿಗಿಹುಳದ ಚಿಂತೆಯೇ ಇಲ್ಲ ಅಂತ ನಾನು ಹೇಳೋದಿಲ್ಲ. ಅದು ಹುಳದ ಜೊತೆ ಜೇಡವನ್ನೂ ತಿನ್ನುತ್ತೆ. ಹಕ್ಕಿ ಅಂದ್ರೆ ಡಬ್ಬಿಯಲ್ಲಿ ಬರುವ ಔಷಧಿ ಅಲ್ಲ. ಆದರೆ ಹಕ್ಕಿಗಳ ಕೆಲಸಕ್ಕೆ ಬೆಲೆ ಇದೆ ಅಂತ ಅಳೆದು ನೋಡಿದವರಿದ್ದಾರೆ.

ಜಮೈಕಾದಲ್ಲಿ ಕಾಫಿ ಗಿಡಗಳಿಗೆ ಹಕ್ಕಿ ಬಾರದ ಹಾಗೆ ಬಲೆ ಹೊದಿಸಿ, ತೆರೆದ ಗಿಡಗಳ ಜೊತೆ ಹೋಲಿಸಿದರು. ಬಲೆಯೊಳಗಿನ ಗಿಡಗಳಲ್ಲಿ ಕಾಯಿಕೊರಕ ಹೆಚ್ಚಾಯಿತು. 2008ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಕೊರಕವನ್ನು ತಿನ್ನುವವರ ಮುಂಚೂಣಿಯಲ್ಲಿದ್ದದ್ದು ಉತ್ತರ ಅಮೆರಿಕದಿಂದ ಚಳಿಗಾಲಕ್ಕೆ ಬರುವ ವಾರ್ಬ್ಲರ್‌ಗಳು. ನಮ್ಮ ಉಲಿಯಕ್ಕಿಗೂ ಅವಕ್ಕೂ ಕುಟುಂಬ ಬೇರೆ, ಕಸುಬು ಒಂದೇ. ನಮ್ಮ ಕೊಡಗಿನ ಕಾಫಿಯನ್ನು ಕಾಡುವುದೂ ಅದೇ ಕಾಯಿಕೊರಕ. ನೆದರ್ಲೆಂಡ್ಸ್‌ನ ಸೇಬಿನ ತೋಟಗಳಲ್ಲಿ ಚೇಕಡಿಯ ಹತ್ತಿರದ ನೆಂಟ ಗ್ರೇಟ್ ಟಿಟ್ ಗೂಡು ಕಟ್ಟಿದ ಕಡೆ ಕಂಬಳಿಹುಳದಿಂದಾಗುವ ಹಾನಿ ಕಡಿಮೆಯಾದದ್ದು 2002ರಲ್ಲಿ ವರದಿಯಾಗಿದೆ.

ಇನ್ನೊಂದು ಬದಿಯೂ ಇದೆ. ಮಾವಿನ ಜಿಗಿಹುಳಕ್ಕೆ ಅಂಗಡಿಯವರು ಕೊಡುವ ಔಷಧಿಗಳಲ್ಲಿ ಇಮಿಡಾಕ್ಲೋಪ್ರಿಡ್ ಸಾಮಾನ್ಯ. 2014ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಕೆರೆ-ಕಾಲುವೆ ನೀರಿನಲ್ಲಿ ಇದರ ಪ್ರಮಾಣವನ್ನೂ ಹಕ್ಕಿ ಎಣಿಕೆಯನ್ನೂ ಜೋಡಿಸಿ ನೋಡಿದರು. ಲೀಟರಿಗೆ 20 ನ್ಯಾನೋಗ್ರಾಂಗಿಂತ ಹೆಚ್ಚಿದ್ದ ಕಡೆ ಕೀಟ ತಿನ್ನುವ ಹಕ್ಕಿಗಳ ಸಂಖ್ಯೆ ವರ್ಷಕ್ಕೆ ಸರಾಸರಿ 3.5% ಇಳಿಯುತ್ತಿತ್ತು. ಎರಡೂ ಒಟ್ಟಿಗೆ ಕಂಡುಬಂದವು ಅಂದ ಮಾತ್ರಕ್ಕೆ ಒಂದೇ ಕಾರಣ ಅಂತ ತೀರ್ಮಾನ ಆಗೋದಿಲ್ಲ. ಆದರೆ ಹುಳ ಸತ್ತರೆ ಹುಳ ತಿನ್ನುವವರ ತಟ್ಟೆ ಖಾಲಿ ಅನ್ನೋದಕ್ಕೆ ದೊಡ್ಡ ಲೆಕ್ಕ ಬೇಕಿಲ್ಲ.

ನಮ್ಮ ದೇಶದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್ 2023’ ವರದಿ ಕೂಡ ಸಮಾಧಾನ ಕೊಡೋದಿಲ್ಲ. ದೀರ್ಘಕಾಲದ ಲೆಕ್ಕ ಸಿಕ್ಕ 338 ಜಾತಿಗಳಲ್ಲಿ 60% ಇಳಿಕೆಯಲ್ಲಿವೆ. ಈ ವರದಿಗೆ ಆಧಾರ ಸುಮಾರು 30,000 ಹವ್ಯಾಸಿಗಳು ಮೊಬೈಲ್‌ನಲ್ಲಿ, ಕಂಪ್ಯೂಟರ್‌ನಲ್ಲಿ ದಾಖಲಿಸಿದ ಪಟ್ಟಿಗಳು. ಊರಿನ ತೋಟ, ಹೊಲಗಳ ಪಟ್ಟಿ ಅದಕ್ಕೆ ಸೇರಬೇಕಾದರೆ ಬರೆಯಬೇಕಾದವರು ನಾವೇ.

ಹಾಗಾದರೆ ಏನು ಮಾಡೋದು?

ನಾನು ನನ್ನ ತೋಟದಲ್ಲಿ ಪಾಲಿಸುವ, ನಿಮಗೂ ಕಷ್ಟವಾಗದ ಕೆಲವು ಕ್ರಮ ಇಲ್ಲಿವೆ.

1. ಮರ ಸವರೋದನ್ನು ಮೇ ಕೊನೆಗೆ, ಜೂನ್‌ಗೆ ತಳ್ಳಿ. ಅಷ್ಟರಲ್ಲಿ ವಲಸೆ ಹಕ್ಕಿ ಹೊರಟಿರುತ್ತೆ. ರಾಗಿಗೆ ನೆರಳು ತೊಂದರೆ ಕೊಡೋದು ಬಿತ್ತನೆ ಆದಮೇಲೆ, ಈಗಲ್ಲ. ಹೊಂಗೆ, ಗ್ಲಿರಿಸಿಡಿಯಾ ಸೊಪ್ಪು ಮುಂಗಾರಿನಲ್ಲಿ ಮಣ್ಣಿಗೆ ಸೇರಿದರೆ ಬೇಗ ಕೊಳೆತು ಹಸಿರೆಲೆ ಗೊಬ್ಬರ ಆಗುತ್ತೆ. ಮಾರ್ಚ್ ಬಿಸಿಲಿನಲ್ಲಿ ಕಡಿದ ಸೊಪ್ಪು ಒಣಗಿ ಹಾರಿಹೋಗುತ್ತೆ.

2. ಸವರಲೇಬೇಕು ಅಂದ್ರೆ ಸಾಲು ಪೂರ್ತಿ ಬೇಡ. ಒಂದು ಮರ ಬಿಟ್ಟು ಒಂದು ಮರ, ಅಥವಾ ಮೂರರಲ್ಲಿ ಒಂದು ಭಾಗ. ಉಳಿದದ್ದು ಮುಂದಿನ ವರ್ಷ.

3. ಎಣಿಸಿ ಹೊಡೆಯಿರಿ, ಕ್ಯಾಲೆಂಡರ್ ನೋಡಿ ಹೊಡೆಯಬೇಡಿ. ಹೂ ಬಿಡುವ ಕಾಲದಲ್ಲಿ ತೋಪಿನ ಬೇರೆ ಬೇರೆ ಕಡೆ ಹತ್ತು ಮರ ಆರಿಸಿ, ಪ್ರತಿ ಮರದ ನಾಲ್ಕೂ ದಿಕ್ಕಿನ ಹೂಗೊಂಚಲು ನೋಡಿ. ಗೊಂಚಲಿಗೆ ಸರಾಸರಿ 4-5 ಜಿಗಿಹುಳಕ್ಕಿಂತ ಕಡಿಮೆ ಇದ್ದರೆ ಸಿಂಪಡಣೆ ಬೇಕಿಲ್ಲ. ಹುಳ ಏರುತ್ತಿದೆ ಅನಿಸಿದರೆ ಮೊದಲು ಬೇವಿನ ಔಷಧಿ. ಹೂ ಪೂರ್ತಿ ಅರಳಿದಾಗ ಯಾವುದೇ ಕೀಟನಾಶಕ ಬೇಡ. ಮಾವಿಗೆ ಪರಾಗಸ್ಪರ್ಶ ಮಾಡುವ ನೊಣ, ಜೇನು ಆಗಲೇ ಬರೋದು.

4. ಮರದ ನಡುವೆ ಬೆಳಕು ಬಿಡಿ. ಜಿಗಿಹುಳಕ್ಕೆ ದಟ್ಟ ನೆರಳು, ತೇವ ಇಷ್ಟ. ಕೊಯ್ಲು ಮುಗಿದ ಮೇಲೆ ಮಾವಿನ ಒಳಕೊಂಬೆ ತೆಗೆದು ಗಾಳಿ ಬೆಳಕು ಆಡುವಂತೆ ಮಾಡಿದರೆ ಮುಂದಿನ ವರ್ಷದ ಅರ್ಧ ಕೆಲಸ ಮುಗಿದ ಹಾಗೆ. ಹಣ್ಣು ನೊಣಕ್ಕೆ ಸಿಂಪಡಣೆಗಿಂತ ಮೋಹಕ ಬಲೆ ಕಟ್ಟಿ, ಉದುರಿದ ಕಾಯಿ ಆಯ್ದು ಹೂಳಿ.

5. ಗುತ್ತಿಗೆ ಪತ್ರದಲ್ಲಿ ಎರಡು ಸಾಲು ಸೇರಿಸಿ. ‘ಹೂ ಅರಳಿದಾಗ ಸಿಂಪಡಣೆ ಇಲ್ಲ. ಯಾವ ಔಷಧಿ, ಯಾವ ದಿನ ಅಂತ ಮಾಲೀಕರಿಗೆ ಮೊದಲೇ ತಿಳಿಸಬೇಕು.’ ಬಾಯಿಮಾತಿನ ಗುತ್ತಿಗೆ ಆದರೂ ಮುಂಗಡ ತಗೊಳ್ಳುವಾಗಲೇ ಹೇಳಿ. ಆಮೇಲೆ ಹೇಳಿದರೆ ಯಾರೂ ಕೇಳೋದಿಲ್ಲ.

6. ತಂತಿ ಹಾಕಿದರೂ ಬೇಲಿ ಬಿಡಬೇಡಿ. ತಂತಿಯ ಪಕ್ಕದಲ್ಲೇ ಗ್ಲಿರಿಸಿಡಿಯಾ, ನುಗ್ಗೆ, ಸೀತಾಫಲ ಬೆಳೆಸಬಹುದು. ಬುಡದಲ್ಲಿ ಒಂದಿಷ್ಟು ಪೊದೆ ಇರಲಿ.

ಮೊಬೈಲ್‌ನಲ್ಲೇ ಕಲಿಯಿರಿ

ಬೈನಾಕ್ಯುಲರ್ ಇಲ್ಲದಿದ್ದರೂ ಪರವಾಗಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ‘ಮರ್ಲಿನ್’ ಆ್ಯಪ್ ಉಚಿತ. ವೈಫೈ ಇದ್ದಾಗ ನಮ್ಮ ಪ್ರದೇಶದ ಪ್ಯಾಕ್ ಇಳಿಸಿಕೊಂಡರೆ ಹೊಲದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಕೂಗು ಕೇಳಿ ಹೆಸರು ಸೂಚಿಸುತ್ತೆ. ಅದು ಹೇಳಿದ್ದೇ ವೇದವಾಕ್ಯ ಅಲ್ಲ. ಹಕ್ಕಿಯನ್ನು ಕಣ್ಣಾರೆ ಕಂಡು ಖಚಿತ ಮಾಡಿಕೊಳ್ಳಿ. ಪಟ್ಟಿ ಬರೆಯೋಕೆ ‘ಇ-ಬರ್ಡ್’ ಆ್ಯಪ್. ಹದಿನೈದು ನಿಮಿಷದ ಎಣಿಕೆ ಸಾಕು. ಒಂದು ಮನವಿ: ಮೊಬೈಲ್‌ನಲ್ಲಿ ಹಕ್ಕಿ ಕೂಗು ಹಾಕಿ ಹಕ್ಕಿಯನ್ನು ಕರೆಯಬೇಡಿ. ತನ್ನ ಜಾಗಕ್ಕೆ ಇನ್ನೊಂದು ನುಗ್ಗಿತು ಅಂದುಕೊಂಡು ಅದು ಮೇವು ಬಿಟ್ಟು ಜಗಳಕ್ಕೆ ಬರುತ್ತೆ.

ಕನ್ನಡದಲ್ಲಿ ಓದಬೇಕು ಅಂದ್ರೆ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಇದೆ. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಲೇ ಹಕ್ಕಿಗಳ ಬೆನ್ನು ಹತ್ತಿದವರು ಅವರು. ಹಕ್ಕಿ ನೋಡೋದು ಪೇಟೆಯವರ ಹವ್ಯಾಸ ಅನ್ನುವವರಿಗೆ ಅವರ ಹೆಸರು ಹೇಳಿ.

ಆ ಹೊಂಗೆ ಸಾಲಿನ ವಿಚಾರ

ನಮಗೂ ಪಕ್ಕದ ಅಣ್ಣನಿಗೂ ನಡುವಿನ ಬದುವಿನಲ್ಲಿ ಅವರಿಗೆ ಸೇರಿದ ಒಂಬತ್ತು ಹೊಂಗೆ ಇವೆ. ಸೌದೆಯವನ ಜೊತೆ ಮಾತಾಗಿ, ಬುಧವಾರ ಕಡಿಯೋದು ಅಂತ ನಿಗದಿಯಾಗಿತ್ತು. ಹೊರಡುವ ಮುಂಚೆ ಗುಂಪಿನ ಕಾಲೇಜು ಹುಡುಗಿ ಅವರ ಕೈಗೇ ಬೈನಾಕ್ಯುಲರ್ ಕೊಟ್ಟು ಕೊಂಬೆ ತೋರಿಸಿದಳು. ಅಣ್ಣ ಸುಮಾರು ಹೊತ್ತು ನೋಡಿದರು. ‘ಎಲೆ ಎಲೇನೂ ಹುಡುಕ್ತದಲ್ಲಪ್ಪ, ಕೂಲಿಯವ್ರೂ ಇಷ್ಟ್ ನೋಡಲ್ಲ’ ಅಂದರು.

ಹಕ್ಕಿ ನೋಡಿದ ಖುಷಿಗೆ ಯಾರೂ ಸೌದೆ ದುಡ್ಡು ಬಿಡೋದಿಲ್ಲ, ಬಿಡಿ ಅಂತ ಕೇಳೋದೂ ಸರಿಯಲ್ಲ. ನಾನು ವ್ಯವಹಾರದ ಮಾತಾಡಿದೆ. ಜೂನ್‌ನಲ್ಲಿ ಕೊಂಬೆ ಸವರುವ ಕೂಲಿ ನಂದು, ಸೊಪ್ಪು ನನ್ನ ತರಕಾರಿ ಮಡಿಗೆ, ಸೌದೆ ಅವರಿಗೆ. ಮರ ಬುಡಸಮೇತ ಹೋಗೋದಿಲ್ಲ, ಮತ್ತೆ ಎರಡು ವರ್ಷಕ್ಕೆ ಅಷ್ಟೇ ಕೊಂಬೆ ಬರುತ್ತೆ. ಲೆಕ್ಕ ಹಾಕಿ ಒಪ್ಪಿದರು. ಒಪ್ಪಿದ್ದು ಆ ಒಂಬತ್ತು ಮರಕ್ಕೆ ಮಾತ್ರ. ತೋಪಿನ ಆಚೆ ಬದಿಯ ಬೇವು ಬುಧವಾರವೇ ಹೋಯಿತು. ಔಷಧಿ ವಿಚಾರ ಮುಂದಿನ ಗುತ್ತಿಗೆ ಮಾತಾಡುವಾಗ ನೋಡೋಣ ಅಂದಿದ್ದಾರೆ. ನವೆಂಬರ್‌ನಲ್ಲಿ ನೆನಪಿಸೋಕೆ ಫೋನ್‌ನಲ್ಲಿ ಅಲಾರಂ ಇಟ್ಟಿದ್ದೀನಿ.

ನಿಮಗೆ ಈ ವಾರದ ಕೆಲಸ ಇಷ್ಟೇ. ಬೆಳಿಗ್ಗೆ ಆರೂವರೆಗೆ ಬದುವಿನ ಮರದ ಕೆಳಗೆ ಹದಿನೈದು ನಿಮಿಷ ಸುಮ್ಮನೆ ನಿಲ್ಲಿ. ‘ಚಿ-ಸ್ವೀ’ ಎಷ್ಟು ಕಡೆಯಿಂದ ಬರುತ್ತೆ ಎಣಿಸಿ, ಮನೆಯ ಕ್ಯಾಲೆಂಡರ್ ಮೇಲೆ ಬರೆಯಿರಿ. ಏಪ್ರಿಲ್ ಕೊನೆ, ಮೇ ಶುರುವಿನಲ್ಲಿ ಕೂಗು ಯಾವತ್ತು ನಿಂತಿತು ಅಂತಲೂ ಬರೆದಿಡಿ. ಸೆಪ್ಟೆಂಬರ್‌ನಲ್ಲಿ ಅದೇ ಮರದ ಕೆಳಗೆ ಮತ್ತೆ ಕಿವಿಗೊಡಿ.